ಹಳ್ಳಿಯ ಶಾಲೆಯ ಹಾಜರಿ ಪುಸ್ತಕ

ನಾಡಿನ ಚರಿತ್ರೆಯನ್ನು ಕಲ್ಲಿನ ಶಾಸನಗಳಲ್ಲಿ ಅರಸುವ ನಾವು ಊರ ಶಾಲೆಯ ಹಾಜರಿ ಪುಸ್ತಕವನ್ನು ಮರೆಯುತ್ತೇವೆ. ಕೂಲಿಮಠದ ಅಯ್ಯನವರ ಮುಂದೆ ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದ ಮೈಸೂರು ಸೀಮೆಯ ಮಕ್ಕಳಿಗಾಗಿ, ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಲ್ಲಿ ಹೋಬಳಿ ಶಾಲೆಗಳು ಆರಂಭವಾದವು. 1913ರ ಪ್ರಾಥಮಿಕ ಶಿಕ್ಷಣದ ಕಾಯಿದೆ ಕಡ್ಡಾಯ ಹಾಜರಿಗೆ ದಾರಿ ಮಾಡಿತು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು ಮರುವರ್ಷ ಕೋಲಾರದ ಕಡೆಗೂ ಬಂದಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಗಡಿಸೀಮೆ. ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಒಂದನೆಯ ತರಗತಿಯ ಮಗುವಿನ ಮೌನವನ್ನು ದಡ್ಡತನವೆಂದು ಎಣಿಸಬಾರದು. ಮುಳಬಾಗಿಲಿನ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಫಲಿತಾಂಶದ ಅಂಕಿಯೊಂದರಿಂದಲೇ ಮಗುವನ್ನಾಗಲಿ ಶಾಲೆಯನ್ನಾಗಲಿ ಅಳೆಯಲಾಗದು.

ಇಂದು ಅನುಕೂಲವಂತರ ಮಕ್ಕಳು ವ್ಯಾನು ಹತ್ತಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಊರ ಶಾಲೆಯಲ್ಲಿ ಉಳಿಯುವವರು ಹೆಚ್ಚಾಗಿ ಕೂಲಿಕಾರರ ಮಕ್ಕಳು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಸ್ಥಾನ ಮುಖ್ಯವಾಗಿ ಆ ಶಾಲೆಯ ಪಾಲಕರಿಗೆ. ಮಗು ಶಾಲೆ ಬಿಟ್ಟೊಡನೆ ಪಾಲಕನ ದನಿಯೂ ಅಲ್ಲಿಂದ ಹೊರಟುಹೋಗುತ್ತದೆ. ಸೂರು ಸೋರಿದರೆ, ಉಪಾಧ್ಯಾಯರ ಜಾಗ ಖಾಲಿ ಬಿದ್ದರೆ ಕಚೇರಿಗೆ ಹೋಗಿ ಕೇಳುವವರಿಲ್ಲ. ಮಕ್ಕಳು ಕಡಿಮೆಯಾದಂತೆ ಉಪಾಧ್ಯಾಯರೂ ಕಡಿಮೆ. ಉಪಾಧ್ಯಾಯರು ಕಡಿಮೆಯಾದಂತೆ ಮಕ್ಕಳು ಇನ್ನಷ್ಟು ಕಡಿಮೆ.

ನೂರೈವತ್ತು ವರ್ಷಗಳಲ್ಲಿ ಆಳಿದವರು ಶಾಲೆಯನ್ನು ಮಗುವಿನ ಬಳಿಗೆ ತಂದರು. ಅದನ್ನು ಉಳಿಸಿಕೊಳ್ಳುವ ಹೊಣೆ ಊರವರದು. ಭಕ್ತರೂ ಮಠದ ಹಳೆಯ ವಿದ್ಯಾರ್ಥಿಗಳೂ ತಮ್ಮೂರ ಶಾಲೆಯಲ್ಲಿ ಈ ವರ್ಷ ಎಷ್ಟು ಮಕ್ಕಳಿದ್ದಾರೆಂದು ಮೊದಲು ಹೋಗಿ ಕೇಳಲಿ. ಬಳಿಕ, ಆ ಮಕ್ಕಳ ಪರವಾಗಿ ಬರೆಯುವ ಮನವಿಗೆ ಮೊದಲ ರುಜು ತಾವೇ ಹಾಕಲಿ.