ಪಿಕಪ್ ಗಾಡಿಯ ಸೀಟು, ಡ್ರೈವರನ ಸೊಂಟ: ಒಂದು ಸಂಶೋಧನಾ ಟಿಪ್ಪಣಿ

ಪಿಕಪ್ ಓಡಿಸುವವರ ಸೊಂಟನೋವಿಗೆ ಸೀಟು ಗಟ್ಟಿಯಾಗಿರುವುದೇ ಕಾರಣ ಎಂಬುದು ಸಾಮಾನ್ಯ ತಿಳಿವಳಿಕೆ. ಆಟೋಮೊಬೈಲ್ ಅಂಗಡಿಗಳಲ್ಲಿ ದಪ್ಪ ಸ್ಪಂಜಿನ ಕವರು, ನಡುವೆ ತೂತಿರುವ ದಿಂಬು, ಮರದ ಮಣಿಯ ಹಾಸು ನಿತ್ಯ ಮಾರಾಟವಾಗುವುದು ಈ ನಂಬಿಕೆಯ ಮೇಲೆಯೇ. ಆದರೆ ಕೂತ ಐದು ನಿಮಿಷದಲ್ಲಿ ಗೊತ್ತಾಗುವ ಗಟ್ಟಿತನಕ್ಕೂ ಮೂರನೇ ಗಂಟೆಗೆ ಶುರುವಾಗುವ ನೋವಿಗೂ ಇರುವ ನಂಟು ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಕುಳಿತ ಭಂಗಿ, ಗಾಡಿಯ ಕುಲುಕಾಟ, ಇಳಿದ ಕೂಡಲೇ ಎತ್ತುವ ಭಾರ ಸೇರಿ ಆ ನೋವನ್ನು ತರುತ್ತವೆ. ಇವುಗಳಲ್ಲಿ ಕುಲುಕಾಟವನ್ನು ಮೆತ್ತನೆಯ ದಿಂಬು ಕೆಲವು ಸಲ ಹೆಚ್ಚಿಸಿಯೇ ಬಿಡುತ್ತದೆ. ಈ ಮಾತಿಗೆ ಆಧಾರವೇನು, ಆ ಆಧಾರ ಎಷ್ಟು ಭಾರ ಹೊರಬಲ್ಲದು ಎಂದು ನೋಡುವುದು ಇಲ್ಲಿಯ ಉದ್ದೇಶ.

ಮೊದಲು ಗಾಡಿಯ ವಿಚಾರ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮ ಊರೂರಿನ ಸರಕು ಸಾಗಣೆಯ ಚಹರೆಯೇ ಬದಲಾಯಿತು. ಅದಕ್ಕಿಂತ ಹೆಚ್ಚು ಭಾರ ಹೊರುವ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡಿನ ದೋಸ್ತ್ ಮುಂತಾದವು ತರಕಾರಿ, ಹಾಲು, ಸಿಮೆಂಟು, ಕೋಳಿ ಎಲ್ಲವನ್ನೂ ಹೊತ್ತವು. ಅಮೆರಿಕದಲ್ಲಿ ಪಿಕಪ್ ಬಹುಮಟ್ಟಿಗೆ ಮನೆಯ ಗಾಡಿಯೂ ಹೌದು. ನಮ್ಮಲ್ಲಿ ಅದು ಶುದ್ಧ ದುಡಿಮೆಯ ಗಾಡಿ, ಅನೇಕ ಕಡೆ ಸಾಲದ ಕಂತು ಕಟ್ಟುವ ಡ್ರೈವರನೇ ಅದರ ಮಾಲೀಕ. ರಚನೆಯಲ್ಲಿ ಇದೊಂದು ರಾಜಿ. ಹಿಂದುಗಡೆ ಲಾರಿಯ ಹಾಗೆ ಲೀಫ್ ಸ್ಪ್ರಿಂಗು, ಕೂರುವ ಜಾಗದಲ್ಲಿ ಸಣ್ಣ ಕಾರಿನದೇ ಥರದ ತೆಳು ಫೋಮಿನ ಸೀಟು. ದೊಡ್ಡ ಲಾರಿಯ ಡ್ರೈವರನಿಗೆ ಸೀಟಿನಡಿ ಪ್ರತ್ಯೇಕ ಸಸ್ಪೆನ್ಷನ್ ಕೊಡಲು ಎತ್ತರದ ಕ್ಯಾಬಿನ್ ಇದೆ. ಪಿಕಪ್ಪಿನವನಿಗೆ ಅಷ್ಟು ಜಾಗವೂ ಇಲ್ಲ, ಬೆಲೆಯಲ್ಲಿ ಅಷ್ಟು ಅವಕಾಶವೂ ಇಲ್ಲ.

ಭಂಗಿಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಅಮೆರಿಕದ ನೆಬ್ರಾಸ್ಕಾದ ವೈದ್ಯ ಜೆ. ಜೆ. ಕೀಗನ್. 1953ರಲ್ಲಿ ಪ್ರಕಟವಾದ ಅವರ ಲೇಖನ ಬೇರೆ ಬೇರೆ ಭಂಗಿಗಳಲ್ಲಿ ತೆಗೆದ ಬೆನ್ನಿನ ಎಕ್ಸ್‌ರೇಗಳನ್ನು ಹೋಲಿಸುತ್ತದೆ. ಮುಂಡ ಮತ್ತು ತೊಡೆಯ ನಡುವಿನ ಕೋನ ಸುಮಾರು 135 ಡಿಗ್ರಿ ಇದ್ದಾಗ ಸೊಂಟದ ಒಳಬಾಗು ತನ್ನ ಸಹಜ ಸ್ಥಿತಿಯಲ್ಲಿರುತ್ತದೆ. ಆ ಕೋನ 90ಕ್ಕೆ ಇಳಿದಂತೆ ಒಳಬಾಗು ಚಪ್ಪಟೆಯಾಗುತ್ತದೆ. ಒಂಟಿ ಕ್ಯಾಬಿನ್ನಿನ ಪಿಕಪ್ಪಿನಲ್ಲಿ ಸೀಟಿನ ಬೆನ್ನಿಗೇ ಹಿಂಗೋಡೆ ಅಂಟಿಕೊಂಡಿರುತ್ತದೆ. ಒರಗು ಹಿಂದಕ್ಕೆ ಹೋಗಬೇಕೆಂದರೂ ಹೋಗುವುದು ಅಲ್ಲಿಯವರೆಗೆ ಮಾತ್ರ. ಎತ್ತರದ ಡ್ರೈವರ್ ಸೀಟನ್ನು ಪೂರ್ತಿ ಹಿಂದೆ ಸರಿಸಿಕೊಂಡರೆ ಇದ್ದ ಅಷ್ಟಿಷ್ಟು ಓರೆಯೂ ಹೋಗಿ ನೆಟ್ಟಗೆ ಕೂರಬೇಕಾಗುತ್ತದೆ. ಇದರ ಮೇಲೆ ಕ್ಲಚ್ಚು. ಎಡಗಾಲು ಚಾಚಿದಾಗಲೆಲ್ಲ ತೊಡೆಯ ಹಿಂಬದಿಯ ಸ್ನಾಯು ಬಿಗಿದು ಸೊಂಟದ ಬುಡದ ಮೂಳೆಯನ್ನು ಹಿಂದಕ್ಕೆ ತಿರುಗಿಸುತ್ತದೆ, ಒಳಬಾಗು ಇನ್ನಷ್ಟು ಕರಗುತ್ತದೆ. ಸೀಟು ದೂರವಾದಷ್ಟೂ ಈ ಸೆಳೆತ ಹೆಚ್ಚು. ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ಗಾಡಿ ಜರುಗಿಸುವವನ ಎಡಸೊಂಟ ಮೊದಲು ಹಿಡಿದುಕೊಂಡರೆ ಅದಕ್ಕೆ ಈ ಕಾರಣವೇ ಸಾಕು.

ಇಲ್ಲಿ ಒಂದು ಜನಪ್ರಿಯ ಮಾತನ್ನು ತಿದ್ದಬೇಕು. ನಿಂತಾಗಿನದಕ್ಕಿಂತ ಕೂತಾಗ ಬೆನ್ನಿನ ಡಿಸ್ಕಿನ ಮೇಲೆ ಶೇ. 40ರಷ್ಟು ಹೆಚ್ಚು ಒತ್ತಡ ಬೀಳುತ್ತದೆ ಎಂಬುದನ್ನು ಆರೋಗ್ಯದ ಕರಪತ್ರಗಳು ಇಂದಿಗೂ ಉರು ಹೊಡೆಯುತ್ತಿವೆ. ಇದರ ಮೂಲ 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ನಡೆಸಿದ ಅಳತೆಗಳು. ಡಿಸ್ಕಿನೊಳಕ್ಕೆ ಸೂಜಿ ಇಳಿಸಿ ಒತ್ತಡ ಅಳೆದ ಧೈರ್ಯದ ಕೆಲಸ ಅದು. ಆದರೆ 1999ರಲ್ಲಿ ಜರ್ಮನಿಯ ಹಾನ್ಸ್-ಯೋಆಕಿಂ ವಿಲ್ಕೆ ಮತ್ತು ಸಂಗಡಿಗರು ಹೊಸ ಉಪಕರಣದಿಂದ ಅಳೆದಾಗ ಆರಾಮವಾಗಿ ನಿಂತರೆ 0.5 ಮೆಗಾಪಾಸ್ಕಲ್, ಒರಗಿಲ್ಲದೆ ಸಡಿಲವಾಗಿ ಕೂತರೆ 0.46 ಬಂತು, ಕುರ್ಚಿಗೆ ಜಾರಿ ಒರಗಿದರೆ ಇನ್ನೂ ಕಡಿಮೆ. ಕೂತು ಮುಂದಕ್ಕೆ ಪೂರ್ತಿ ಬಾಗಿದಾಗ ಮಾತ್ರ ಅದು 0.83ಕ್ಕೆ ಏರಿತು. ಅವರು ಅಳೆದದ್ದು ಒಬ್ಬನೇ ಸ್ವಯಂಸೇವಕನ ಬೆನ್ನನ್ನು, ಹಾಗಾಗಿ ಇದನ್ನೂ ವೇದವಾಕ್ಯ ಮಾಡಬೇಕಿಲ್ಲ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಕೂರುವುದೇ ಅಪರಾಧವಲ್ಲ, ಒರಗಿಲ್ಲದೆ ಮುಂಬಾಗಿ ಕೂರುವುದು ತೊಂದರೆ. ಗುನ್ನಾರ್ ಆಂಡರ್ಸನ್ ಮತ್ತು ಜೊತೆಗಾರರು 1974ರ ಸುಮಾರಿಗೆ ತೋರಿಸಿದ್ದೂ ಇದನ್ನೇ. ಒರಗು ಹಿಂದಕ್ಕೆ ವಾಲಿದಂತೆ, ಸೊಂಟದ ಬಾಗಿಗೆ ಆಸರೆ ಕೊಟ್ಟಂತೆ ಡಿಸ್ಕಿನ ಒತ್ತಡವೂ ಬೆನ್ನಿನ ಸ್ನಾಯುಗಳ ದುಡಿತವೂ ಇಳಿಯುತ್ತವೆ. ಸ್ಟೇರಿಂಗಿನ ಮೇಲೆ ಎದೆ ಒರಗಿಸಿ ರಸ್ತೆ ಇಣುಕುವ ರಾತ್ರಿ ಡ್ರೈವರನಿಗೆ ಸೀಟಿನ ಬೆನ್ನು ಎಷ್ಟು ಚೆನ್ನಾಗಿದ್ದರೂ ಒಂದೇ. ಅದು ಅವನ ಬೆನ್ನಿಗೆ ತಾಗುತ್ತಲೇ ಇಲ್ಲ.

ಈಗ ಕುಲುಕಾಟ. ಕೂತ ಮನುಷ್ಯನ ಬೆನ್ನಿಗೆ ಅದರದೇ ಒಂದು ಲಯವಿದೆ. ಮೇಲೆ ಕೆಳಗೆ ಕುಲುಕಿದರೆ ಸೆಕೆಂಡಿಗೆ 4ರಿಂದ 6 ಸಲದ ಆಸುಪಾಸಿನಲ್ಲಿ ಅದು ಅತಿ ಹೆಚ್ಚು ಸ್ಪಂದಿಸುತ್ತದೆ. ಈ ವ್ಯಾಪ್ತಿಯಲ್ಲಿ ನೆಲದ ಅಲುಗಾಟ ಬೆನ್ನಿನೊಳಗೆ ಹಿಗ್ಗಿ ಕಾಣಿಸುತ್ತದೆ. ದೇಹದ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 2631 ಈ ಆವರ್ತನಗಳಿಗೆ ಹೆಚ್ಚು ತೂಕ ಕೊಡುವುದು ಇದಕ್ಕೇ. ದುರದೃಷ್ಟವೆಂದರೆ ಮಾಮೂಲಿ ಫೋಮಿನ ಸೀಟು, ಮೇಲೊಬ್ಬ ಮನುಷ್ಯ ಕೂತಾಗ, ತಾನೂ ಸೆಕೆಂಡಿಗೆ ನಾಲ್ಕು ಸಲ, ಅಂದರೆ ಸುಮಾರು 4 ಹರ್ಟ್ಸ್‌ನಲ್ಲೇ ಕುಣಿಯುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಗ್ರಿಫಿನ್ ಅವರ ಬಳಗ ದಶಕಗಳ ಕಾಲ ಇದನ್ನು ಅಳೆಯಿತು. ಹೆಚ್ಚಿನ ಆವರ್ತನದ ಸಣ್ಣ ನಡುಕವನ್ನು ಫೋಮು ನುಂಗಿಕೊಳ್ಳುತ್ತದೆ. 4 ಹರ್ಟ್ಸ್ ಸುತ್ತಲಿನ ಕುಲುಕಾಟವನ್ನು ಮಾತ್ರ ನೆಲಕ್ಕಿಂತ ಹೆಚ್ಚಾಗಿಯೇ ಮೇಲಕ್ಕೆ ದಾಟಿಸುತ್ತದೆ. ಅಂಗಡಿಯಲ್ಲಿ ಒತ್ತಿ ನೋಡಿದ ಬೆರಳಿಗೆ ಇದು ತಿಳಿಯುವುದಿಲ್ಲ.

ಲೆಕ್ಕ ಸರಳ. ಭಾರಕ್ಕೆ ಸ್ಪ್ರಿಂಗು ಎಷ್ಟು ಕುಗ್ಗುತ್ತದೆ ಎಂಬುದರಿಂದ ಅದರ ಲಯವನ್ನು ಅಂದಾಜಿಸಬಹುದು. ಹದಿನೈದು ಹದಿನಾರು ಮಿಲಿಮೀಟರ್ ಕುಗ್ಗುವ ಸ್ಪ್ರಿಂಗಿನ ಲಯ ಸುಮಾರು 4 ಹರ್ಟ್ಸ್. ಅದನ್ನು 2 ಹರ್ಟ್ಸ್‌ಗೆ ಇಳಿಸಿ ಬೆನ್ನಿನ ಅಪಾಯದ ವ್ಯಾಪ್ತಿಯಿಂದ ದೂರ ಒಯ್ಯಲು ಆರು ಸೆಂಟಿಮೀಟರಿಗೂ ಮೀರಿ ಕುಗ್ಗಬೇಕು, ಅದರ ಮೇಲೆ ಏರಿಳಿಯಲು ಜಾಗ ಬೇರೆ ಬೇಕು. ಲಾರಿಯ ಸಸ್ಪೆನ್ಷನ್ ಸೀಟು ಮಾಡುವ ಕೆಲಸ ಇದು. ಎರಡಂಗುಲದ ಸ್ಪಂಜನ್ನು ಎಷ್ಟೇ ಮೆತ್ತಗೆ ಮಾಡಿದರೂ ಇದು ಅದರ ಕೈಲಾಗದು. ಅತಿ ಮೆತ್ತಗಾದರೆ ದೊಡ್ಡ ಗುಂಡಿಗೆ ಅದು ತಳ ಮುಟ್ಟಿ, ತಗಡೇ ಬಂದು ಬಾಲಮೂಳೆಗೆ ಬಡಿಯುತ್ತದೆ.

ಖಾಲಿ ಗಾಡಿ ಎಗರುತ್ತದೆ ಎಂದು ಡ್ರೈವರುಗಳು ಹೇಳುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಟನ್ನಿಗೂ ಹೆಚ್ಚು ಲೋಡಿಗೆಂದು ಮಾಡಿದ ಲೀಫ್ ಸ್ಪ್ರಿಂಗಿನ ಮೇಲೆ ಹಿಂಬದಿಯ ತೂಕ ಮೂರನೇ ಒಂದಕ್ಕೆ ಇಳಿದರೆ, ಸ್ಪ್ರಿಂಗಿನ ಬಿಗಿ ಅಷ್ಟೇ ಇದ್ದಲ್ಲಿ, ಲಯ ಸುಮಾರು 1.7 ಪಟ್ಟು ಏರುತ್ತದೆ. ಲೋಡಿದ್ದಾಗ 2 ಹರ್ಟ್ಸ್‌ನಲ್ಲಿ ತೂಗುತ್ತಿದ್ದ ಹಿಂಭಾಗ ಖಾಲಿಯಾದಾಗ ಮೂರೂವರೆಯ ಹತ್ತಿರ, ಅಂದರೆ ನೇರವಾಗಿ ಸೀಟಿನ ಮತ್ತು ಸೊಂಟದ ಲಯದ ನೆರೆಗೇ ಬಂದು ನಿಲ್ಲುತ್ತದೆ. ಮೇಲಾಗಿ ಖಾಲಿ ಬರುವಾಗ ಎಲ್ಲರಿಗೂ ಅವಸರ; ವೇಗ ಹೆಚ್ಚಿದಂತೆ ಅದೇ ರಸ್ತೆಯ ಕುಲುಕಾಟವೂ ಹೆಚ್ಚು. ಲೋಡು ಹೊತ್ತು ಹೋದದ್ದಕ್ಕಿಂತ ಖಾಲಿ ವಾಪಸು ಬಂದದ್ದು ಸೊಂಟಕ್ಕೆ ದುಬಾರಿಯಾಗಿರಬಹುದು ಎಂಬ ನನ್ನ ಅನುಮಾನಕ್ಕೆ ಕಾರಣ ಇದು.

ಎಷ್ಟಾದರೆ ಕುಲುಕಾಟ ಅತಿಯಾಯಿತು ಎನ್ನಲು ಐರೋಪ್ಯ ಒಕ್ಕೂಟದ 2002ರ ನಿರ್ದೇಶನ ಒಂದು ಅಳತೆಗೋಲು ಕೊಡುತ್ತದೆ. ಎಂಟು ಗಂಟೆಯ ದಿನಕ್ಕೆ ಕುಲುಕಾಟದ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 0.5 ಮೀಟರ್ ಮುಟ್ಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 1.15 ದಾಟುವಂತೆಯೇ ಇಲ್ಲ. ಇಲ್ಲಿ ಸಮಯ ನೇರವಾಗಿ ಅಲ್ಲ, ವರ್ಗಮೂಲದಲ್ಲಿ ಲೆಕ್ಕಕ್ಕೆ ಬರುತ್ತದೆ. ಸೀಟಿನ ಮೇಲೆ 0.7 ಇದ್ದರೆ ನಾಲ್ಕು ಗಂಟೆಯಲ್ಲಿ, 1.0 ಇದ್ದರೆ ಎರಡೇ ಗಂಟೆಯಲ್ಲಿ ಕ್ರಮದ ಮಟ್ಟ ಮುಟ್ಟುತ್ತದೆ. ತಿರುಗಿಸಿ ಓದಿದರೆ, ಕುಲುಕಾಟವನ್ನು ಅರ್ಧಕ್ಕೆ ಇಳಿಸಿದರೆ ನಾಲ್ಕು ಪಟ್ಟು ಹೊತ್ತು ಓಡಿಸಬಹುದು. ಇನ್ನು ರೋಡ್ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇದ್ದು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ಊರ ಮುಂದೆ ರಾತ್ರೋರಾತ್ರಿ ಏಳುವ ದಿಬ್ಬಗಳಿಗೆ ಈ ಮಾರ್ಗಸೂಚಿ ಓದಿ ಅಭ್ಯಾಸವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಓಡಿಸುವುದರಿಂದಲೇ ಡಿಸ್ಕು ಕೆಡುತ್ತದೆಯೇ ಎಂಬ ಪ್ರಶ್ನೆಗೆ ಪುರಾವೆ ಎರಡು ದಿಕ್ಕಿಗೆ ಎಳೆಯುತ್ತದೆ. ಜೆನಿಫರ್ ಕೆಲ್ಸಿ ಮತ್ತು ಹಾರ್ಡಿ 1975ರಲ್ಲಿ ಅಮೆರಿಕದ ನ್ಯೂ ಹೇವನ್ ಪ್ರದೇಶದಿಂದ ವರದಿ ಮಾಡಿದ ಪ್ರಕಾರ, ಕೆಲಸದ ಅರ್ಧಕ್ಕಿಂತ ಹೆಚ್ಚು ಹೊತ್ತು ವಾಹನ ಓಡಿಸುವ ಗಂಡಸರಲ್ಲಿ ಡಿಸ್ಕು ಜಾರುವ ಸಂಭವ ಸುಮಾರು ಮೂರು ಪಟ್ಟು, ಟ್ರಕ್ಕಿನವರಲ್ಲಿ ಇನ್ನೂ ಹೆಚ್ಚು. ಆದರೆ ಮಿಷೆಲ್ ಬ್ಯಾಟಿಯೆ, ಟಾಪಿಯೊ ವಿಡೆಮನ್ ಮೊದಲಾದವರು ಫಿನ್ಲೆಂಡಿನ 45 ಜೋಡಿ ಏಕರೂಪಿ ಅವಳಿ ಗಂಡಸರನ್ನು ಎಂಆರ್‌ಐನಲ್ಲಿ ಹೋಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೀವಮಾನವಿಡೀ ಹೆಚ್ಚು ಓಡಿಸಿದ ಅವಳಿಯ ಡಿಸ್ಕು ಇನ್ನೊಬ್ಬನದಕ್ಕಿಂತ ಹೆಚ್ಚು ಸವೆದಿರಲಿಲ್ಲ. ಒಂದೇ ವಂಶವಾಹಿ, ಒಂದೇ ಬಾಲ್ಯ ಇರುವವರ ಹೋಲಿಕೆ ಆದ್ದರಿಂದ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಎರಡೂ ನಿಜವಾಗಿರಲು ಅಡ್ಡಿಯಿಲ್ಲ ಎಂಬುದು ನನ್ನ ಓದು. ಚಿತ್ರದಲ್ಲಿ ಕಾಣುವ ಸವೆತ ಬೇರೆ, ನೋವು ಬೇರೆ. ಸ್ಕ್ಯಾನಿನಲ್ಲಿ ಡಿಸ್ಕು ಉಬ್ಬಿದ್ದೂ ನೋವಿಲ್ಲದವರು ಎಷ್ಟೋ ಮಂದಿ ಇದ್ದಾರೆ. ನೋವಿನಿಂದ ಬಂದ ಡ್ರೈವರನಿಗೆ ನಿನ್ನ ಬೆನ್ನು ಸವೆದುಹೋಗಿದೆ, ಗಾಡಿ ಬಿಡು ಎಂದು ಹೆದರಿಸುವುದಕ್ಕೆ ಈ ಪುರಾವೆ ಸಾಲದು.

ಪಿಕಪ್ಪಿನವನ ವಿಷಯದಲ್ಲಿ ಮೇಲಿನ ಅಧ್ಯಯನಗಳಿಂದ ಸುಲಭವಾಗಿ ತಪ್ಪಿಹೋಗುವ ಸಂಗತಿಯೊಂದಿದೆ: ಅವನು ಬರೀ ಡ್ರೈವರ್ ಅಲ್ಲ, ಹಮಾಲಿಯೂ ಹೌದು. ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ನಡೆಯುತ್ತದೆ. ಗಾಡಿ ನಿಲ್ಲಿಸಿ, ಹಿಂಬಾಗಿಲು ಇಳಿಸಿ, ಆ ಬಾಕ್ಸುಗಳಿಗೆ ಕೈ ಹಾಕುವವನು ಎಷ್ಟೋ ಸಲ ಆಗತಾನೇ ಸೀಟಿನಿಂದ ಇಳಿದವನೇ. ಸ್ಟುವರ್ಟ್ ಮೆಕ್‌ಗಿಲ್ ಮತ್ತು ಬ್ರೌನ್ 1992ರಲ್ಲಿ ತೋರಿಸಿದಂತೆ, ಇಪ್ಪತ್ತು ನಿಮಿಷ ಸೊಂಟ ಪೂರ್ತಿ ಬಾಗಿಸಿ ಕೂತರೆ ಬೆನ್ನಿನ ಕಟ್ಟುಗಳು ಹಿಗ್ಗಿ ಸಡಿಲಾಗುತ್ತವೆ. ಎದ್ದ ಮೇಲೆ ಎರಡೇ ನಿಮಿಷದಲ್ಲಿ ಅರ್ಧದಷ್ಟು ಬಿಗಿ ಮರಳುತ್ತದೆ, ಉಳಿದದ್ದಕ್ಕೆ ಅರ್ಧ ಗಂಟೆಯೂ ಸಾಲದು. ವಿಲ್ಕೆಯ ಅಳತೆಯಲ್ಲಿ ಬೆನ್ನು ಬಗ್ಗಿಸಿ 20 ಕೆ.ಜಿ. ಎತ್ತಿದಾಗ ಡಿಸ್ಕಿನ ಒತ್ತಡ 2.3 ಮೆಗಾಪಾಸ್ಕಲ್, ಮೊಣಕಾಲು ಮಡಿಸಿ ಎತ್ತಿದಾಗ 1.7. ಸಡಿಲಗೊಂಡ ಬೆನ್ನಿನ ಮೇಲೆ ಈ ಒತ್ತಡ ಬೀಳುವ ಆ ಮೊದಲ ಹತ್ತು ನಿಮಿಷ ಇಡೀ ದಿನದ ಸೀಟಿನಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ. ಇಳಿದು ಚೀಟಿ ಬರೆಸಿ, ಚಹಾ ಕುಡಿದು, ನಾಲ್ಕು ಹೆಜ್ಜೆ ಓಡಾಡಿ ಆಮೇಲೆ ಬಾಕ್ಸಿಗೆ ಕೈ ಹಾಕುವುದಕ್ಕೆ ದುಡ್ಡು ಖರ್ಚಿಲ್ಲ.

ಕಾನೂನೂ ಈ ಡ್ರೈವರನನ್ನು ದಾಟಿಕೊಂಡು ಹೋಗಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದಿತು. ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ತನ್ನದೇ ಗಾಡಿ ಓಡಿಸುವವನಿಗೆ ತಾನೇ ಮಾಲೀಕ, ತಾನೇ ಕಾರ್ಮಿಕ. ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ ಡಿಸೆಂಬರ್ 2023ರ ಕೇಂದ್ರ ಅಧಿಸೂಚನೆ ಕೂಡ 3.5 ಟನ್ ಮೀರಿದ ಸರಕು ವಾಹನಗಳಿಗಷ್ಟೇ. ಎಂಜಿನ್ನಿನ ಮೇಲೆಯೇ ಸೀಟು ಇರುವ ಸಣ್ಣ ಗಾಡಿಯ ಶಾಖ ಅದರ ಕಣ್ಣಿಗೆ ಬಿದ್ದಿಲ್ಲ.

ಹಾಗಾದರೆ ಇರುವ ಸೀಟಿನಲ್ಲೇ ಏನು ಮಾಡಬಹುದು? ಮೊದಲು ದೂರ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿಯೇ ಇರಬೇಕು, ಕುಂಡೆ ಒರಗಿನ ಬುಡಕ್ಕೆ ಆನಿರಬೇಕು. ಆಮೇಲೆ ಸೊಂಟದ ಬಾಗಿಗೆ, ಬೆಲ್ಟು ಕಟ್ಟುವ ಮಟ್ಟಕ್ಕಿಂತ ತುಸು ಮೇಲೆ, ಸುತ್ತಿದ ಟವೆಲ್. ದುಬಾರಿ ದಿಂಬಿಗಿಂತ ಇದು ಮೇಲು, ಏಕೆಂದರೆ ದಪ್ಪವನ್ನು ಅವರವರ ಬೆನ್ನಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಮೊದಲ ದಿನ ತೆಳ್ಳಗಿರಲಿ. ಕೂರುವ ಜಾಗಕ್ಕೆ ದಪ್ಪ ದಿಂಬು ಹಾಕಿದರೆ ಡ್ರೈವರ್ ಮೇಲೇರುತ್ತಾನೆ, ಒರಗಿನ ಆಸರೆ ಸೊಂಟದಿಂದ ಕೆಳಗೆ ಜಾರುತ್ತದೆ, ತಲೆ ಚಾವಣಿಗೆ ಹತ್ತಿರವಾಗಿ ಕತ್ತು ಬಾಗುತ್ತದೆ. ಹಳೆಯ ಫೋಮು ಕುಸಿದು ಗುಳಿ ಬಿದ್ದಿದ್ದರೆ ಮೇಲೊಂದು ಹೇರುವ ಬದಲು ಸೀಟ್ ಕೆಲಸದವನ ಹತ್ತಿರ ಒಳಗಿನ ಫೋಮನ್ನೇ ಬದಲಿಸುವುದು ಸರಿ. ತುಸು ಬಿಗಿಯಾದದ್ದನ್ನೇ ಕೇಳಬೇಕು. ಮಣಿಯ ಹಾಸು ಬೆವರಿಗೆ ಒಳ್ಳೆಯದು, ಕುಲುಕಾಟಕ್ಕೆ ಅದರಿಂದ ಏನೂ ಆಗದು. ಹಿಂಜೇಬಿನ ಪರ್ಸಿನಿಂದ ಕಾಲಿನ ನರ ಒತ್ತಿ ನೋವು ಬರುವುದನ್ನು ಅಮೆರಿಕದ ವೈದ್ಯರು 1970ರ ದಶಕದಲ್ಲೇ ಬರೆದಿಟ್ಟಿದ್ದಾರೆ. ಪರ್ಸು, ಆರ್‌ಸಿ ಪುಸ್ತಕ, ನೋಟಿನ ಕಟ್ಟು ಎಲ್ಲ ಡ್ಯಾಶ್‌ಬೋರ್ಡಿಗೆ ಹೋಗಲಿ. ಖಾಲಿ ಗಾಡಿಗೆ ಪೂರ್ತಿ ಲೋಡಿನ ಗಾಳಿ ತುಂಬಿಸಿ ಓಡಿಸುವುದು ಸೊಂಟಕ್ಕೆ ಸುಮ್ಮನೆ ಹೊಡೆತ. ಕೈಪಿಡಿಯಲ್ಲಿ ಖಾಲಿಗೆ ಬೇರೆ ಒತ್ತಡ ಕೊಟ್ಟಿದ್ದರೆ ಅದನ್ನು ಪಾಲಿಸಬೇಕು. ಸತ್ತ ಶಾಕ್ ಅಬ್ಸಾರ್ಬರ್ ಬದಲಿಸಲು ಕೊಡುವ ದುಡ್ಡು ಯಾವ ದಿಂಬಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ವಾರಗಟ್ಟಲೆ ಕಡಿಮೆಯಾಗದ ನೋವು, ಮೊಣಕಾಲು ದಾಟಿ ಪಾದಕ್ಕಿಳಿಯುವ ಸೆಳೆತ, ಕ್ಲಚ್ ಒತ್ತಲು ಪಾದಕ್ಕೆ ಬಲ ಸಾಲದಿರುವುದು ವೈದ್ಯರಿಗೆ ತೋರಿಸಬೇಕಾದವು. ತೊಡೆಸಂದು ಮತ್ತು ಕೂರುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಟವೆಲ್ಲು ದಿಂಬುಗಳ ಮಾತು ಅಲ್ಲಿಗೆ ನಿಲ್ಲಬೇಕು. ಅದು ಬೆನ್ನಿನ ಬುಡದ ನರಗಳ ಮೇಲೆ ಒತ್ತಡ ಬಿದ್ದಿರುವ ಲಕ್ಷಣ. ಟ್ರಿಪ್ಪನ್ನು ಬೇರೆಯವರಿಗೆ ಒಪ್ಪಿಸಿ ಅದೇ ದಿನ ಆಸ್ಪತ್ರೆ ಸೇರಬೇಕು.