ಕಾಯುವ ಓದುಗ

ನಾನು ಹುಟ್ಟಿ ಬೆಳೆದದ್ದು ಕುಣಿಗಲು ತಾಲ್ಲೂಕಿನ ಕೊತ್ತಗೆರೆಯಲ್ಲಿ. ನನ್ನ ಬಾಲ್ಯದಲ್ಲಿ ನಮ್ಮ ಬೀದಿಗೆಲ್ಲ ಸೇರಿ ಬರುತ್ತಿದ್ದ ವಾರಪತ್ರಿಕೆ ಒಂದೇ. ಕುಣಿಗಲಿನಿಂದ ಬಸ್ಸಿನಲ್ಲಿ ಬಂದ ಆ ಪ್ರತಿ ಜಗಲಿಯಿಂದ ಜಗಲಿಗೆ ದಾಟಿ ನಮ್ಮ ಮನೆಗೆ ತಲುಪುವ ವೇಳೆಗೆ ಅದರ ಅಂಚೆಲ್ಲ ಮೆತ್ತಗಾಗಿರುತ್ತಿತ್ತು. ಅಕ್ಷರ ಬಾರದ ಅಜ್ಜಿಗೆ ಧಾರಾವಾಹಿಯನ್ನು ಓದಿ ಹೇಳುವುದು ನನ್ನ ಕೆಲಸ. ‘ಮುಂದುವರಿಯುವುದು’ ಎಂಬಲ್ಲಿ ನಾನು ನಿಲ್ಲಿಸಿದರೆ, “ಅದ್ಯಾರಪ್ಪಾ, ಇಲ್ಲಿಗೇ ಬಿಟ್ಟೋನು?” ಎಂದು ಅಜ್ಜಿ ಲೇಖಕನನ್ನು ಬೈಯುತ್ತಿದ್ದಳು. ಆದರೆ ವಾರವೆಲ್ಲ ಅದರದೇ ಧ್ಯಾನ.

ಹೀಗೆ ಕಾಯುವ ಓದುಗನನ್ನು ನಂಬಿ ತಾನೇ ವಾರಪತ್ರಿಕೆ ಹೂಡಿದವನು ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್. 1850ರಿಂದ ಅವನು ‘ಹೌಸ್‌ಹೋಲ್ಡ್ ವರ್ಡ್ಸ್’ ಎಂಬ ವಾರಪತ್ರಿಕೆಯನ್ನು ನಡೆಸುತ್ತಿದ್ದ. 1858ರಲ್ಲಿ ಪತ್ನಿಯಿಂದ ಬೇರೆಯಾದಾಗ ಅವನು ಕೊಟ್ಟ ಹೇಳಿಕೆಯನ್ನು ಪಾಲುದಾರ ಪ್ರಕಾಶಕರು ತಮ್ಮ ‘ಪಂಚ್’ ಪತ್ರಿಕೆಯಲ್ಲಿ ಅಚ್ಚುಹಾಕಲಿಲ್ಲ. ಮನಸ್ಸು ಮುರಿಯಿತು. 1859ರ ಏಪ್ರಿಲ್ 30ರಂದು ‘ಆಲ್ ದಿ ಇಯರ್ ರೌಂಡ್’ ಹೊರಬಿತ್ತು. ಬೆಲೆ ಎರಡು ಪೆನ್ನಿ. ಮೊದಲ ಪುಟದಲ್ಲೇ ‘ಎ ಟೇಲ್ ಆಫ್ ಟು ಸಿಟೀಸ್’ ಆರಂಭವಾಯಿತು.

ಆದರೆ ಒಡೆಯನಾದ ಕಾದಂಬರಿಕಾರನಿಗೂ ಒಬ್ಬ ಒಡೆಯನಿದ್ದಾನೆ. 1860ರಲ್ಲಿ ಚಾರ್ಲ್ಸ್ ಲೀವರ್ ಬರೆಯುತ್ತಿದ್ದ ಧಾರಾವಾಹಿ ಓದುಗರಿಗೆ ರುಚಿಸದೆ ಪತ್ರಿಕೆಯ ಮಾರಾಟ ಇಳಿಯಿತು. ಡಿಕನ್ಸ್ ತಿಂಗಳ ಕಂತುಗಳಲ್ಲಿ ದೊಡ್ಡದಾಗಿ ಬರೆಯಬೇಕೆಂದಿದ್ದ ಕಥೆಯನ್ನು ಕಿರಿದಾಗಿಸಿ, ಡಿಸೆಂಬರಿನಿಂದ ವಾರವಾರವೂ ಪ್ರಕಟಿಸತೊಡಗಿದ. ಅದೇ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. ಆ ಕೃತಿಯ ಬಿಗಿಯಾದ ಕಟ್ಟಿನಲ್ಲಿ ಬೇಸರಗೊಂಡ ಓದುಗನ ಕೈವಾಡವೂ ಇದೆಯೆಂದರೆ ತಪ್ಪಾಗದು.

ಈ ಹಾದಿ ನಮ್ಮ ನಾಡಿಗೆ ಹತ್ತಿರವಾದದ್ದು ಪುಣೆಯಲ್ಲಿ. ಮರಾಠಿಯ ಹರಿ ನಾರಾಯಣ ಆಪಟೆ 1890ರಲ್ಲಿ ‘ಕರಮಣೂಕ’ ವಾರಪತ್ರಿಕೆಯನ್ನು ಆರಂಭಿಸಿ, ತಮ್ಮ ಕಾದಂಬರಿಗಳನ್ನು ಅದರಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿದರು. ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಗಳಗನಾಥರು. ವೆಂಕಟೇಶ ತಿರಕೊ ಕುಲಕರ್ಣಿ ಎಂಬುದು ಅವರ ಹೆಸರು. ಹಾವೇರಿ ಸೀಮೆಯ ತಮ್ಮ ಹುಟ್ಟೂರಿನ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡವರು. ಶಾಲೆಯ ಉಪಾಧ್ಯಾಯರಾಗಿದ್ದ ಅವರ ‘ಪ್ರಬುದ್ಧ ಪದ್ಮನಯನೆ’ 1898ರಲ್ಲಿ ಬಂದಿತು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕತ್ವ ಅವರ ಪಾಲಿಗೆ ಬಂತು. ಹೆಸರಿಗೆ ತಕ್ಕಂತೆ ಧರ್ಮ, ನೀತಿಗಳು ಅದರಲ್ಲಿದ್ದವು. ಜೊತೆಗೆ ಮುಂದೇನಾಯಿತೆಂಬ ಕುತೂಹಲವನ್ನು ಹುಟ್ಟಿಸುವ ಕಥೆಯೂ ಇತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಡಿಕನ್ಸನಿಗೆ ಓದುಗರು ಸಿದ್ಧರಿದ್ದರು. ಅವರು ಕೈಬಿಟ್ಟಾರೆಂಬ ಭಯ ಮಾತ್ರ ಅವನದು. ಗಳಗನಾಥರು ಓದುಗರನ್ನೇ ಸೃಷ್ಟಿಸಬೇಕಾಗಿತ್ತು. ಮುಂಬಯಿ ಪ್ರಾಂತದ ಆ ಜಿಲ್ಲೆಗಳಲ್ಲಿ ಓದುಬಲ್ಲವರ ಒಲವು ಮರಾಠಿಯ ಕಡೆಗಿತ್ತು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಒಬ್ಬ ಪ್ರಕಾಶಕರೊಡನೆ ಜಗಳವಾಡಿ ಸ್ವತಂತ್ರನಾದ. ಇನ್ನೊಬ್ಬರು ಬರೆದು, ತಿದ್ದಿ, ಹೊತ್ತು ಮಾರಿದರು. 1942ರಲ್ಲಿ ಅವರು ಕಾಲವಾದಾಗ ಕನ್ನಡ ಓದುವ ಮನೆಗಳು ಹೆಚ್ಚಿದ್ದವು. ಅವರನ್ನು ಕನ್ನಡ ಕಾದಂಬರಿಯ ಪಿತಾಮಹರೆಂದು ಕರೆಯುವಲ್ಲಿ ಈ ದುಡಿಮೆಯೂ ಸೇರಿರಬೇಕು.

ಒಮ್ಮೆ ಮಳೆಗಾಲದಲ್ಲಿ ಎರಡು ವಾರ ನಮ್ಮೂರಿಗೆ ಪತ್ರಿಕೆ ಬರಲಿಲ್ಲ. ಅಜ್ಜಿ ಸುಮ್ಮನೆ ಕೂರಲಿಲ್ಲ. ಮುಂದಿನ ಕಥೆಯನ್ನು ತಾನೇ ಹೇಳಿ, ನಾಯಕಿಯನ್ನು ತವರಿಗೆ ಸೇರಿಸಿಬಿಟ್ಟಳು. ಕೊನೆಗೆ ಬಂದ ಸಂಚಿಕೆಯಲ್ಲಿ ಲೇಖಕ ಅವಳನ್ನು ಬಾವಿಗೆ ಹಾರಿಸಿದ್ದ. “ಅವನಿಗೇನು ಗೊತ್ತು!” ಎಂದಳು ಅಜ್ಜಿ. ಅಂದು ನಾನು ನಕ್ಕಿದ್ದೆ. ಗಂಟು ಹೊತ್ತು ನಡೆದ ಗಳಗನಾಥರು ಹುಡುಕುತ್ತಿದ್ದುದು ಇಂಥ ಜಗಲಿಯನ್ನೇ ಎಂದು ಈಗ ಅನ್ನಿಸುತ್ತದೆ.