ಫೈಬರ್ ಕಾರು ಕೊಳ್ಳುವ ಮುನ್ನ ಚಾಸಿ ನೋಡಿ

ಆಳಂದ ತಾಲ್ಲೂಕಿನ ನರೋಣಾ ಕಡೆಯ ರೈತರು ಎತ್ತು ಕೊಳ್ಳುವಾಗ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಸುಳಿ ನೋಡುತ್ತಾರೆ, ಹೆಗಲು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೊಂಬಿನ ಬಣ್ಣಕ್ಕೂ ಕೊರಳ ಗಂಟೆಗೂ ಬೆಲೆ ಕಟ್ಟುವವರು ಅಲ್ಲಿ ಯಾರೂ ಇಲ್ಲ. ಆದರೆ ಅಂಥದೇ ಮನೆಯ ಹುಡುಗ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹಳೆಯ ಸ್ಪೋರ್ಟ್ಸ್ ಕಾರು ನೋಡಲು ಹೋದನೆಂದರೆ ಈ ಬುದ್ಧಿಯೆಲ್ಲ ಮನೆಯಲ್ಲೇ ಉಳಿದುಬಿಡುತ್ತದೆ. ಕೆಂಪು ಬಣ್ಣ ಕಂಡು, ಎಂಜಿನ್ನಿನ ಸದ್ದು ಕೇಳಿ, ತೊಗರಿ ಮಾರಿದ ದುಡ್ಡನ್ನು ಮುಂಗಡ ಕೊಟ್ಟು ಬರುತ್ತಾನೆ. ಗಾಡಿಯ ಹಲ್ಲು ಯಾವುದು, ಸುಳಿ ಯಾವುದು ಎಂದು ತಿಳಿಯಬೇಕಾದರೆ ಅದು ಹುಟ್ಟಿದ ಕಥೆ ಗೊತ್ತಿರಬೇಕು.

ಸ್ಪೋರ್ಟ್ಸ್ ಕಾರು ಎಂದರೆ ಇಂಗ್ಲೆಂಡ್, ಇಟಲಿಗಳ ಹೆಸರೇ ನಮಗೆ ನೆನಪಾಗುತ್ತದೆ. ಕನ್ನಡನಾಡಿಗೂ ಇಂಥ ಒಂದು ಸಣ್ಣ ಚರಿತ್ರೆ ಇದೆ ಎಂಬುದನ್ನು ಬಲ್ಲವರು ಕಡಿಮೆ. ಎಪ್ಪತ್ತರ ದಶಕದಲ್ಲಿ ದೇಶದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳು ಹೆಚ್ಚಾಗಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ. ಲೈಸೆನ್ಸ್ ವ್ಯವಸ್ಥೆಯ ಆ ಕಾಲದಲ್ಲಿ ಬೆಂಗಳೂರಿನ ಸನ್‌ರೈಸ್ ಆಟೊಮೋಟಿವ್ ಎಂಬ ಚಿಕ್ಕ ಸಂಸ್ಥೆ ಬಾದಲ್ ಎಂಬ ಮೂರು ಚಕ್ರದ ಗಾಡಿಯನ್ನು ಹೊರತಂದಿತು. ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರಾದ ಈ ಸಂಸ್ಥೆ 1982ರಲ್ಲಿ ಡಾಲ್ಫಿನ್ ಕಾರನ್ನು ಬಿಡುಗಡೆ ಮಾಡಿತು. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿ ತಯಾರಿಸುತ್ತಿದ್ದ ಕಿಟನ್ ಕಾರೇ ಇದರ ಮೂಲ. ಎರಡು ಬಾಗಿಲು, ನಾಲ್ಕು ಸಿಲಿಂಡರಿನ 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಹಿಂಚಕ್ರಕ್ಕೆ ಚಾಲನೆ, ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸಿನ ಮೈ.

ಫೈಬರ್ ಮೈ ಏಕೆ ಎಂಬ ಪ್ರಶ್ನೆಯಲ್ಲಿ ಅರ್ಧ ಕಥೆ ಅಡಗಿದೆ. ಉಕ್ಕಿನ ತಗಡನ್ನು ಒತ್ತಿ ಕಾರಿನ ಆಕಾರಕ್ಕೆ ತರಲು ಭಾರೀ ಪ್ರೆಸ್‌ಗಳೂ ದುಬಾರಿ ಅಚ್ಚುಗಳೂ ಬೇಕು. ಲಕ್ಷಗಟ್ಟಲೆ ಕಾರು ಮಾರುವವರಿಗೆ ಮಾತ್ರ ಆ ಖರ್ಚು ಮೈಗೆ ಹತ್ತುತ್ತದೆ. ಫೈಬರ್‌ಗ್ಲಾಸಿಗೆ ಒಂದು ಅಚ್ಚು, ಗಾಜಿನ ಎಳೆಯ ಹಾಸು, ರೆಸಿನ್ ಎಂಬ ಅಂಟು, ನಾಲ್ಕು ಜನರ ಕೈ ಇದ್ದರೆ ಸಾಕು. ಅಮೆರಿಕದಲ್ಲಿ 1953ರಲ್ಲಿ ಬಂದ ಶೆವ್ರೊಲೆ ಕಾರ್ವೆಟ್, ಇಂಗ್ಲೆಂಡಿನಲ್ಲಿ 1962ರಲ್ಲಿ ಬಂದ ಲೋಟಸ್ ಎಲಾನ್ ಎರಡೂ ಫೈಬರ್ ಮೈಯವೇ. ಬಂಡವಾಳ ಕಡಿಮೆ ಇದ್ದ ಬೆಂಗಳೂರಿನ ಕಂಪನಿಗೆ ಇದು ಹೇಳಿ ಮಾಡಿಸಿದ ದಾರಿ.

ಇದರಿಂದ ತಯಾರಕರೂ ಎಣಿಸಿರದ ಒಂದು ಲಾಭವಾಯಿತು. ಕಿಟನ್ ಕಾರಿನ ತೂಕ ಐನೂರು ಕಿಲೋದ ಆಸುಪಾಸು, ಅಂಬಾಸಿಡರಿನ ಅರ್ಧಕ್ಕಿಂತಲೂ ಕಡಿಮೆ. ನಲವತ್ತು ಅಶ್ವಶಕ್ತಿಯ ಪುಟ್ಟ ಎಂಜಿನ್ ಅಷ್ಟು ಹಗುರ ಮೈಯನ್ನು ಎಳೆದಾಗ ಗಾಡಿ ಜಿಗಿಯಿತು. ರ‍್ಯಾಲಿಗಳಲ್ಲಿ, ಚೆನ್ನೈ ಬಳಿಯ ಶೋಲಾವರಂ ರೇಸುಗಳಲ್ಲಿ ಎಂಬತ್ತರ ದಶಕದ ಹುಡುಗರು ಡಾಲ್ಫಿನ್ ಓಡಿಸಿ ಹೆಸರು ಮಾಡಿದರು. ಮಾರುಕಟ್ಟೆಯಲ್ಲಿ ಮಾತ್ರ ಅದು ಗೆಲ್ಲಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ನಾಲ್ಕು ಬಾಗಿಲಿನ ಆ ಕಾರಿನ ಎದುರು ಫೈಬರ್ ಗಾಡಿ ಸಂಸಾರಸ್ಥರಿಗೆ ಹಿಡಿಸಲಿಲ್ಲ. ಸಿಪಾನಿ ಸಂಸ್ಥೆ ನಾಲ್ಕು ಬಾಗಿಲಿನ ಮೊಂಟಾನಾ ಮಾಡಿತು, ತೊಂಬತ್ತರ ದಶಕದಲ್ಲಿ ರೋವರ್ ಮೊಂಟೆಗೊ ಜೋಡಿಸಿ ಮಾರಿತು. ಯಾವುದೂ ಕೈ ಹಿಡಿಯಲಿಲ್ಲ.

ಎರಡನೆಯ ಪ್ರಯತ್ನವೂ ಬೆಂಗಳೂರಿನದೇ. ರೈಲು ಎಂಜಿನ್ ತಯಾರಿಸುವ ಸ್ಯಾನ್ ಸಮೂಹದ ಸ್ಯಾನ್ ಮೋಟಾರ್ಸ್ 1998ರಲ್ಲಿ ಸ್ಟಾರ್ಮ್ ಎಂಬ ಎರಡೇ ಸೀಟಿನ ಕಾರನ್ನು ಹೊರತಂದಿತು. ಮಾಡು ತೆರೆಯಬಹುದಾದ, ನಿಜವಾಗಿ ಸ್ಪೋರ್ಟ್ಸ್ ಕಾರು ಎನ್ನಬಹುದಾದ ಗಾಡಿ. ಇದಕ್ಕೂ ಫೈಬರ್ ಮೈ. ಎಂಜಿನ್ ಮಾತ್ರ ಫ್ರಾನ್ಸಿನ ರೆನೊ ಕಂಪನಿಯ 1149 ಸಿಸಿಯದು, ಚಾಲನೆ ಮುಂಚಕ್ರಕ್ಕೆ. ತಯಾರಾದದ್ದು ಬೆರಳೆಣಿಕೆಯಷ್ಟು. ಹಾಗಾಗಿಯೇ ಇಂದು ಒಂದು ಸ್ಟಾರ್ಮ್ ಮಾರಾಟಕ್ಕಿದೆ ಎಂಬ ಸುದ್ದಿ ಬಂದರೆ ಆಸೆಪಡುವವರು ಹುಟ್ಟಿಕೊಳ್ಳುತ್ತಾರೆ.

ಇನ್ನು ಪರೀಕ್ಷೆಗೆ ಬರೋಣ. ಹಳೆಯ ಉಕ್ಕಿನ ಕಾರು ಕೊಳ್ಳುವವರು ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗುವುದುಂಟು. ಅಯಸ್ಕಾಂತ ಅಂಟದ ಕಡೆ ತಗಡು ತುಕ್ಕು ತಿಂದು ಪುಟ್ಟಿ ಮೆತ್ತಿದ್ದಾರೆಂದು ಅರ್ಥ. ಫೈಬರ್ ಕಾರಿನಲ್ಲಿ ಈ ಉಪಾಯ ನಡೆಯದು, ಅಲ್ಲಿ ಎಲ್ಲಿಯೂ ಅಂಟುವುದಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಒಂದೇ ತೆರನಾಗಿ ಬರುತ್ತಿದ್ದ ಸದ್ದು ಎಲ್ಲಾದರೂ ಮಂದವಾದರೆ ಅಲ್ಲಿ ಪುಟ್ಟಿ ಇದೆ. ಬೆಳಗಿನ ಓರೆ ಬಿಸಿಲಿನಲ್ಲಿ ಬಾಗಿಲ ಪಕ್ಕ ಕುಳಿತು ಮೈಯುದ್ದಕ್ಕೂ ಕಣ್ಣು ಹಾಯಿಸಿದರೆ ಅಲೆಗಳು ಕಾಣುತ್ತವೆ. ಬಾಗಿಲ ಕೀಲಿನ ಸುತ್ತ, ಬೋಲ್ಟ್ ಬಿಗಿದ ಕಡೆ ನಕ್ಷತ್ರದಂತೆ ಹರಡಿದ ಸಣ್ಣ ಬಿರುಕುಗಳಿದ್ದರೆ ಒಳಗಿನ ಹಾಸು ಸಡಿಲವಾಗಿರಬಹುದು. ಹೊರಗಿನಿಂದ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಅದು ಮತ್ತೆ ಬಿಡುತ್ತದೆ. ಬಿರುಕನ್ನು ಉಜ್ಜಿ, ಒಣಗಿಸಿ, ಒಳಮೈಯಿಂದ ಗಾಜಿನ ಹಾಸು ಮತ್ತು ರೆಸಿನ್ ಹಾಕಿ ಗಟ್ಟಿ ಮಾಡಿದ ಮೇಲೆಯೇ ಹೊರಗಿನ ಕೆಲಸ. ದೋಣಿ, ನೀರಿನ ಟ್ಯಾಂಕ್ ಮಾಡುವವರಿಗೆ ಈ ಕೆಲಸ ಡೆಂಟಿಂಗ್ ಮಿಸ್ತ್ರಿಗಿಂತ ಚೆನ್ನಾಗಿ ಗೊತ್ತು.

ಆದರೆ ಮೈಯ ದೋಷ ದೊಡ್ಡದಲ್ಲ. ಫೈಬರ್ ತುಕ್ಕು ಹಿಡಿಯುವುದಿಲ್ಲ ಎಂಬ ಮಾತೇ ಕೊಳ್ಳುವವರನ್ನು ಮುಳುಗಿಸಿರುವುದು. ಮೈ ತುಕ್ಕು ಹಿಡಿಯುವುದಿಲ್ಲ, ನಿಜ. ಅದನ್ನು ಹೊತ್ತಿರುವ ಚಾಸಿ ಉಕ್ಕಿನದು. ಉಕ್ಕಿನ ಕಾರಿನಲ್ಲಿ ತುಕ್ಕು ಬಾಗಿಲ ಅಂಚಿನಲ್ಲೇ ಮುಖ ತೋರಿಸಿ ಎಚ್ಚರಿಸುತ್ತದೆ. ಫೈಬರ್ ಕಾರು ಮೇಲೆ ಹೊಳೆಯುತ್ತಲೇ ಇರುತ್ತದೆ, ಕೆಳಗೆ ಚಾಸಿ ಕರಗುತ್ತಿರುತ್ತದೆ. ಲೋಟಸ್ ಎಲಾನ್ ಕೊಂಡ ಇಂಗ್ಲಿಷರು ಇದೇ ಪಾಠ ಕಲಿತರು. ಹಾಗಾಗಿ ಮಾರುವವರು ಎಷ್ಟೇ ಅವಸರ ಮಾಡಲಿ, ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದು ನೋಡಬೇಕು. ಕೆಸರು ಕೆರೆದು, ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ಮೈಯನ್ನು ಬಿಗಿದ ಜಾಗ, ಕಮಾನ್ ಪಟ್ಟೆ ಕೂರುವ ಜಾಗ, ನೀರು ನಿಲ್ಲುವ ಮೂಲೆ ಇವು ಮುಖ್ಯ. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಅಂಟಿತೆಂದರೆ ಬಿಡುವುದಿಲ್ಲ, ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ತುದಿ ಒಳಕ್ಕೆ ಇಳಿದರೆ ಆ ಗಾಡಿ ಬಿಟ್ಟುಬಿಡುವುದು ಲೇಸು. ರಿಪೇರಿ ಸಾಧ್ಯವಿಲ್ಲವೆಂದಲ್ಲ, ಆದರೆ ಬೆಸುಗೆಯ ಕಿಡಿ ತಗುಲಿದರೆ ಫೈಬರ್ ಹೊತ್ತಿಕೊಳ್ಳುತ್ತದೆ. ಮೈಯನ್ನು ಪೂರ್ತಿ ಕಳಚಿ ಎತ್ತಿಟ್ಟು ಚಾಸಿಗೆ ಬೆಸುಗೆ ಹಾಕಬೇಕು. ಆ ಖರ್ಚನ್ನು ಮಾರುವವರು ಬೆಲೆಯಲ್ಲಿ ಇಳಿಸುವುದಿಲ್ಲ.

ಎಂಜಿನ್ ವಿಷಯದಲ್ಲಿ ಒಂದು ಸಣ್ಣ ಜಾಣತನ ಬೇಕು. ಹೋದೊಡನೆ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಗಾಡಿಯನ್ನು ಸ್ಟಾರ್ಟ್ ಮಾಡಿ ಸಿದ್ಧಪಡಿಸಿದ್ದಾರೆ. ದೋಷಗಳು ಹೊರಬೀಳುವುದು ತಣ್ಣಗಿನ ಎಂಜಿನ್ನಿನಲ್ಲಿ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿದೆ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಲೋಳೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ ಬಲವಾಗುತ್ತದೆ.

ಡಾಲ್ಫಿನ್ನಿನ ಅಲ್ಯೂಮಿನಿಯಂ ಎಂಜಿನ್‌ಗೆ ಬಿಸಿಯೇ ಶತ್ರು. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ರೂಢಿ ಇದೆ. ಆ ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ, ದಾರಿ ಮುಚ್ಚುತ್ತದೆ, ಅಲ್ಯೂಮಿನಿಯಂ ಕೊರೆಯುತ್ತದೆ. ಒಮ್ಮೆ ವಿಪರೀತ ಕಾದರೆ ಹೆಡ್ ಬಾಗುತ್ತದೆ. ಕೊಂಡವರು ರೇಡಿಯೇಟರ್ ತೊಳೆಸಿ, ಹೋಸ್ ಪೈಪು ಬದಲಿಸಿ, ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕುವುದನ್ನು ಮೊದಲ ದಿನವೇ ಮಾಡಬೇಕು. ರೇಸಿಗೆ ಇಳಿದಿದ್ದ ಗಾಡಿಯಾದರೆ ಇನ್ನೂ ಎಚ್ಚರ. ಸೀಟಿನ ಹಿಂದೆ ರಕ್ಷಣಾ ಕಂಬಿ ಬಿಗಿದಿದ್ದ ತೂತುಗಳು ಮುಚ್ಚಿದ ಗುರುತಿದ್ದರೆ ಕಾರು ಮಾರುಕಟ್ಟೆಗೆ ಹೋಗಿಬರಲಿಕ್ಕೆ ಮಾತ್ರ ಬಳಕೆಯಾದದ್ದಲ್ಲ ಎಂದು ತಿಳಿಯಬೇಕು.

ವೈರಿಂಗ್ ದೋಷಕ್ಕಂತೂ ಎಷ್ಟೋ ಮಿಸ್ತ್ರಿಗಳು ತಲೆ ಕೆಡಿಸಿಕೊಂಡಿದ್ದಾರೆ. ಉಕ್ಕಿನ ಕಾರಿನಲ್ಲಿ ಬ್ಯಾಟರಿಗೆ ವಿದ್ಯುತ್ ಮರಳಲು ಮೈಯೇ ತಂತಿಯಾಗಿರುತ್ತದೆ. ಫೈಬರ್‌ನಲ್ಲಿ ವಿದ್ಯುತ್ ಹರಿಯದು, ಪ್ರತಿ ದೀಪಕ್ಕೂ ಬೇರೆ ಅರ್ಥ್ ತಂತಿ ಚಾಸಿಯವರೆಗೆ ಬರಬೇಕು. ಆ ತುದಿಗೆ ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಬೇರಾವುದೋ ದೀಪ ಮಿನುಗುತ್ತದೆ. ಅಂಬಾಸಿಡರ್ ರಿಪೇರಿ ಮಾಡಿ ಪಳಗಿದವರು ಬಲ್ಬು, ಸ್ವಿಚ್ಚು, ಡೈನಮೊ ಎಲ್ಲ ಬದಲಿಸಿ ಬಿಲ್ ಮಾಡುತ್ತಾರೆ. ಬೇಕಾದದ್ದು ಒಂದು ತುಂಡು ಮರಳು ಕಾಗದ, ಒಂದು ಮೊಳ ಹೊಸ ತಂತಿ.

ಸ್ಟಾರ್ಮ್ ಕಾರಿನಲ್ಲಿ ನೋಡಬೇಕಾದದ್ದು ಬೇರೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಮುಂಚಕ್ರದಿಂದ ಕಟಕಟ ಸದ್ದು ಬಂದರೆ ಆಕ್ಸಲಿನ ಜಾಯಿಂಟ್ ಸವೆದಿದೆ, ಅದರ ರಬ್ಬರ್ ಚೀಲ ಹರಿದು ದೂಳು ಹೊಕ್ಕಿದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದಾರೆಂದು ಬಿಲ್ ತೋರಿಸದಿದ್ದರೆ ಬದಲಿಸಿಲ್ಲವೆಂದೇ ಲೆಕ್ಕ. ಬಟ್ಟೆಯ ಮಾಡಿದ್ದರೆ ಕಾಲಡಿಯ ಜಮಖಾನೆ ಎತ್ತಿ ತೇವ ನೋಡಿ. ಇಂಥ ಗಾಡಿಗಳು ಓಡುವುದಕ್ಕಿಂತ ನಿಂತದ್ದೇ ಹೆಚ್ಚು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2312 ಎಂದಿದ್ದರೆ 2012ರ 23ನೇ ವಾರದ ಟೈರು ಎಂದರ್ಥ. ಗೀರು ಎಷ್ಟೇ ಆಳವಿರಲಿ, ಅಷ್ಟು ಹಳೆಯ ರಬ್ಬರಿನ ಮೇಲೆ ವೇಗವಾಗಿ ಹೋಗಬಾರದು. ಪೆಟ್ರೋಲ್ ಪೈಪುಗಳ ಮಾತೂ ಇದೆ. 2025ರ ಹೊತ್ತಿಗೆ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡುತ್ತದೆ. ಎಥೆನಾಲ್ ತಡೆಯುವ ಹೊಸ ಪೈಪು ಹಾಕಿಸದಿದ್ದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗುವ ಅಪಾಯವಿದೆ.

ಬಿಡಿಭಾಗದ ಚಿಂತೆ ಎಲ್ಲಕ್ಕಿಂತ ದೊಡ್ಡದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಯೆಜ್ಡಿ ಬೈಕಿನ ಸಾಮಾನು ಇಂದಿಗೂ ಸಿಗುತ್ತದೆ, ಬಲ್ಲ ಮಿಸ್ತ್ರಿಗಳೂ ಇದ್ದಾರೆ. ಆ ಬೈಕು ಊರೂರಲ್ಲಿ ಓಡಿತ್ತು. ಡಾಲ್ಫಿನ್, ಸ್ಟಾರ್ಮ್‌ಗಳಿಗೆ ಆ ಭಾಗ್ಯವಿಲ್ಲ. ಸ್ಟಾರ್ಮ್‌ನ ಎಂಜಿನ್ ರೆನೊ ಕ್ಲಿಯೊ, ಟ್ವಿಂಗೊ ಕಾರುಗಳಲ್ಲೂ ಇದ್ದದ್ದರಿಂದ ಅದರ ಭಾಗಗಳನ್ನು ಯುರೋಪಿನಿಂದ ತರಿಸಬಹುದು. ಮುಂಭಾಗದ ಗಾಜು, ಬಾಗಿಲ ರಬ್ಬರ್, ದೀಪದ ಚೌಕಟ್ಟು ಒಡೆದರೆ ತರಿಸುವ ಜಾಗವೇ ಇಲ್ಲ. ಆದ್ದರಿಂದ ಓಡುವ ಎಂಜಿನ್ನಿಗಿಂತ ಒಡೆಯದ ಗಾಜಿಗೆ ಹೆಚ್ಚು ಬೆಲೆ ಕೊಡುವುದು ಈ ಕಾರುಗಳ ಮಟ್ಟಿಗೆ ಸರಿಯಾದ ಲೆಕ್ಕ.

ಕೊನೆಗೆ ಕಾಗದಪತ್ರ. ಆಳಂದದಿಂದ ಮಹಾರಾಷ್ಟ್ರದ ಗಡಿ ಹತ್ತಿರ. ಸೊಲ್ಲಾಪುರದ ಎಂಎಚ್-13 ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಓಡಿಸಿಕೊಂಡು ಬಂದರೆ ಮುಗಿಯದು. ಅಲ್ಲಿನ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಕೆಎ-32 ನಂಬರು ಪಡೆಯಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಡಾಲ್ಫಿನ್‌ಗಳೆಲ್ಲ ಆ ವಯಸ್ಸು ಎಂದೋ ದಾಟಿವೆ. ವಿಂಟೇಜ್ ವಾಹನಗಳಿಗೆ 2021ರಲ್ಲಿ ಬಂದ ಕೇಂದ್ರದ ನಿಯಮಕ್ಕೆ ಐವತ್ತು ವರ್ಷ ತುಂಬಿರಬೇಕು, ಅದಿನ್ನೂ ತುಂಬಿಲ್ಲ. ನವೀಕರಣ ತಪ್ಪಿದ ಆರ್‌ಸಿ ಇಟ್ಟುಕೊಂಡವರು ಗಾಡಿಯನ್ನು ಅಗ್ಗಕ್ಕೆ ಕೊಡುವುದು ಇದಕ್ಕೇ.

ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿ ಜೊತೆ ಹೋಲಿಸಿ ನೋಡುವುದನ್ನು ಮುಂಗಡ ಕೊಡುವ ಮೊದಲೇ ಮಾಡಬೇಕು. ತುಕ್ಕು ತಿಂದ ಹಳೆಯ ಚಾಸಿ ತೆಗೆದು ಬೇರೊಂದು ಕೂರಿಸಿದ ಫೈಬರ್ ಕಾರುಗಳೂ ಇರಬಹುದು. ಕೆಳಗಿಳಿದು ನೋಡಿದರೆ ಚಾಸಿ ಗಟ್ಟಿಯಾಗಿಯೇ ಇರುತ್ತದೆ, ಆರ್‌ಸಿಯಲ್ಲಿರುವ ನಂಬರು ಮಾತ್ರ ಅದರ ಮೇಲೆ ಇರುವುದಿಲ್ಲ. ಅಂಥ ಗಾಡಿಯನ್ನು ಆರ್‌ಟಿಒ ಇನ್‌ಸ್ಪೆಕ್ಟರ್ ಹೆಸರು ಬದಲಾವಣೆಗೆ ಒಪ್ಪುವುದಿಲ್ಲ.